ಕಡಲಾಚೆಯ ಮಡಿಲಕ್ಕಿ

ಮದ್ದೂರು

ನಾನು ಹೊರಟ ದಿನ ಮದ್ದೂರು ಸ್ಟೇಷನ್ನಿನಲ್ಲಿ ಮಳೆ ಹನಿಯುತ್ತಿತ್ತು ಎಂದು ನೆನಪು. ಅಪ್ಪ ವಡೆ ಕಟ್ಟಿಸಿಕೊಟ್ಟ ಕಾಗದ ಬಿಸಿಲಿಗೆ ಗರಿಗರಿಯಾಗಿತ್ತು ಎಂದೂ ನೆನಪು. ಎರಡೂ ನಿಜವಾಗಿರಲಾರವು. ಯಾವುದನ್ನು ಬಿಡುವುದೆಂದು ಬಹಳ ಯೋಚಿಸಿ, ಕೊನೆಗೆ ಎರಡನ್ನೂ ಇಟ್ಟುಕೊಂಡಿದ್ದೇನೆ. ಮುಂದಿನದನ್ನೂ ನೀವು ಹೀಗೆಯೇ ಓದಿಕೊಳ್ಳಬೇಕು.

ಯುದ್ಧ ಮುಗಿದ ಮರುವರ್ಷ ಅದು. ಮಲಯ ದೇಶದ ರಬ್ಬರ್ ತೋಟಗಳಲ್ಲಿ ನಮ್ಮ ಕಡೆಯ ಕೂಲಿಗಳು ಅನ್ನಬಟ್ಟೆಗಿಲ್ಲದೆ ಉಳಿದಿದ್ದಾರೆಂದು ಮದರಾಸಿನಿಂದ ಒಂದು ಪರಿಹಾರ ತಂಡ ಹೊರಟಿತ್ತು. ಹೆಂಗಸರ ಕಷ್ಟಸುಖ ವಿಚಾರಿಸಲು ಅವರಿಗೆ ಹೆಂಗಸೊಬ್ಬಳು ಬೇಕಾಗಿತ್ತು. ಮಂಡ್ಯದಲ್ಲಿ ಹೆಂಗಸರಿಗೆ ಓದುಬರಹ, ಹೊಲಿಗೆ ಹೇಳಿಕೊಡುತ್ತಿದ್ದ ನನ್ನನ್ನು ಯಾರೋ ಸೂಚಿಸಿದರು. ಆ ಹುದ್ದೆಗೆ ಸೋಷಿಯಲ್ ವರ್ಕರ್ ಎಂದು ಹೆಸರು. ಅದೇನೆಂದು ಅಪ್ಪನಿಗೆ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಊರೋರ ಮನೆ ಇಚಾರ ಕೇಳೋಕೆ ಸಂಬಳ ಕೊಟ್ಟು ಅಡಗ್ನಲ್ಲಿ ಕರ್ಕಂಡೋಯ್ತಾರಾ? ಆ ಕ್ಯಾಮೆನಾ ನಿಮ್ ಸೋದರತ್ತೆ ಪುಗಸಟ್ಟೆ ಮಾಡ್ತಾ ಅವ್ಳಲ್ಲವ್ವ" ಎಂದರು. ಅನಂತರ ಅವರೇ ಹೋಗಿ ಟ್ರಂಕಿಗೆ ಬೀಗ ಕೊಂಡುತಂದರು.

ಅವ್ವ ಪ್ಲಾಟ್‌ಫಾರಮ್ಮಿನ ಕಂಬಕ್ಕೆ ಒರಗಿ ನಿಂತಿದ್ದಳು. ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಅದರಲ್ಲಿ ಏನೋ ಕಟ್ಟಿದ್ದಂತಿತ್ತು. ಮಗಳು ಮನೆಯಿಂದ ಹೊರಡುವಾಗ ಮಡಿಲಿಗೆ ಅಕ್ಕಿ, ಕಾಯಿ, ಬೆಲ್ಲ, ಎಲೆಅಡಿಕೆ, ರವಿಕೆ ಕಣ ಹಾಕಿ ಕಳಿಸುವುದು ನಮ್ಮ ಪದ್ಧತಿ. ಗಂಡ ಸತ್ತವಳಿಗೆ ಅದು ಇಲ್ಲ. ನನ್ನ ಗಂಡ ನಾಲೆ ಬಯಲಿನ ಚಳಿಜ್ವರದಲ್ಲಿ ಹೋಗಿ ಕೆಲವು ವರ್ಷಗಳಾಗಿದ್ದವು. ಆದ್ದರಿಂದ ಅವ್ವ ಮಡಿಲಿಗೆ ಏನನ್ನೂ ಹಾಕಲಿಲ್ಲ, ನಾನು ಏನನ್ನೂ ಕೇಳಲಿಲ್ಲ. ರೈಲು ಹೊರಟ ಮೇಲೂ ಅವಳ ಮುಷ್ಟಿ ಬಿಚ್ಚಿರಲಿಲ್ಲ.

ಹಡಗು

ಸಮುದ್ರ ನೋಡಿದವರೆಲ್ಲ ಅದನ್ನು ಹೊಗಳಿ ಬರೆಯುತ್ತಾರೆ. ನನಗೆ ಅದರ ಮೇಲೆ ಒಂದು ಅನುಮಾನ ಹುಟ್ಟಿತು. ನಮ್ಮ ಕಡೆ ನೀರು ಎಂದರೆ ನಾಲೆಯಲ್ಲಿ ಹರಿಯಬೇಕು, ಇಲ್ಲವೇ ಶಿವನಸಮುದ್ರದಲ್ಲಿ ಬಿದ್ದಂತೆ ಬೀಳಬೇಕು. ಇದು ಎರಡನ್ನೂ ಮಾಡುವುದಿಲ್ಲ. ಇದ್ದಲ್ಲೇ ಇದ್ದು ಏಳುತ್ತದೆ, ಕೂರುತ್ತದೆ. ನನ್ನ ಹೊಟ್ಟೆಯೂ ಅದನ್ನೇ ಕಲಿಯಿತು. ಮದ್ದೂರಿನ ವಡೆ ಕೆಲವು ದಿನಕ್ಕೆ ಹೆಂಚಿನ ಚೂರಾಯಿತು. ಪಕ್ಕದ ಚಾಪೆಯ ತಮಿಳು ಹೆಂಗಸು ತನ್ನ ಮಗುವನ್ನು ಸೀರೆಯ ಅಂಚಿನಿಂದ ಕಾಲಿಗೆ ಕಟ್ಟಿಕೊಂಡು ಮಲಗುತ್ತಿದ್ದಳು. ಮಗು ಹಲ್ಲು ಬರುವ ಕಾಲಕ್ಕೆ ಬಂದಿತ್ತು. ಅದು ಆ ವಡೆಯನ್ನು ಚೀಪಿ ಚೀಪಿ ದಾರಿಯುದ್ದಕ್ಕೂ ಸುಮ್ಮನಿತ್ತು. ಮಲಯದಲ್ಲಿ ನಾನು ಮಾಡಿದ ಮೊದಲ ಸಮಾಜಸೇವೆ ಅದೇ ಇರಬೇಕು, ಅದೂ ಮಲಯ ಮುಟ್ಟುವ ಮೊದಲೇ.

ದ್ವೀಪ

ಪೆನಾಂಗಿನ ಎದುರು ಒಂದು ದ್ವೀಪವಿದೆ. ರೋಗವಿಲ್ಲವೆಂದು ಖಾತ್ರಿಯಾಗುವವರೆಗೆ ಹಡಗಿನವರನ್ನು ಅಲ್ಲಿ ಇಡುತ್ತಾರೆ. ನನ್ನಲ್ಲಿ ರೋಗವಿರಲಿಲ್ಲ, ರಾಗಿ ಹಿಟ್ಟಿತ್ತು. ಅವ್ವ ಕಟ್ಟಿಕೊಟ್ಟ ಒಂದು ಚೀಲ. ತಪಾಸಣೆಯ ಅಧಿಕಾರಿ ಅದರಲ್ಲಿ ಬೆರಳಿಟ್ಟು, ಮೂಸಿ, ಬೆಳಕಿಗೆ ಹಿಡಿದು, ಇದು ಯಾವ ಬಗೆಯ ಮಣ್ಣು ಎಂದು ಕೇಳಿದ. ತಿನ್ನುವ ಪದಾರ್ಥ ಎಂದೆ. ಅವನು ನಂಬಲಿಲ್ಲ. ರೋಷ ಬಂದು ಒಂದು ಹಿಡಿ ಹಿಟ್ಟನ್ನು ಹಾಗೇ ಬಾಯಿಗೆ ಹಾಕಿಕೊಂಡೆ. ಒಣ ಹಿಟ್ಟು ಗಂಟಲಿಗೆ ಅಂಟಿ ಕೆಮ್ಮು ಹತ್ತಿ ಕಣ್ಣು ಮೇಲಾಯಿತು. ಅಧಿಕಾರಿ, ಕಾವಲುಗಾರ, ನಮ್ಮ ತಂಡದ ಡಾಕ್ಟರು ಎಲ್ಲರೂ ನೀರಿಗೆ ಓಡಿದರು. ನಾನು ಸಾಯಲಿಲ್ಲವೆಂಬ ಒಂದೇ ಆಧಾರದ ಮೇಲೆ ಚೀಲವನ್ನು ಬಿಟ್ಟುಕೊಟ್ಟರು.

ತೋಟ

ನಮ್ಮ ಕಡೆ ಬೆಳಗಾಗುತ್ತಲೇ ಎಮ್ಮೆ ಕರೆಯುತ್ತಾರೆ. ಇಲ್ಲಿ ಮರ ಕರೆಯುತ್ತಾರೆ. ತೊಗಟೆಯನ್ನು ಓರೆಯಾಗಿ ಗೀರಿ ಕೆಳಗೆ ಬಟ್ಟಲು ಕಟ್ಟಿ, ಹಾಲು ತೊಟ್ಟಿಕ್ಕುವುದನ್ನು ಬಿಟ್ಟು ಮುಂದಿನ ಮರಕ್ಕೆ ಹೋಗುತ್ತಾರೆ. ಮರಗಳು ಸಾಲಾಗಿ ನಿಂತಿವೆ. ಕೂಲಿಗಳ ಕೋಣೆಗಳೂ ಸಾಲಾಗಿವೆ. ಅದಕ್ಕೆ 'ಲೈನು' ಎಂದೇ ಹೆಸರು. ಯುದ್ಧಕಾಲದಲ್ಲಿ ಜಪಾನಿನವರು ಮಲಯವನ್ನು ಹಿಡಿದಿದ್ದಾಗ, ಪಕ್ಕದ ಸಯಾಮ್ ದೇಶದ ಕಾಡಿನಲ್ಲಿ ರೈಲು ಹಾದಿ ಹಾಕಲು ಈ ಲೈನುಗಳಿಂದ ಗಂಡಸರನ್ನು ಲಾರಿಗಳಲ್ಲಿ ತುಂಬಿಕೊಂಡು ಹೋದರು. ಹೋದವರಲ್ಲಿ ಮರಳಿದವರು ಕಡಿಮೆ. ನಾನು ಹೋದಾಗ ಎಲ್ಲಿ ನೋಡಿದರೂ ಹೆಂಗಸರು, ಮಕ್ಕಳು.

ಊರಿಗೆ ಮರಳಲು ಬಯಸುವವರನ್ನು ಹಡಗು ಹತ್ತಿಸುವುದು ನನ್ನ ಕೆಲಸಗಳಲ್ಲಿ ಒಂದು. ಕೊನೆಯ ಲೈನಿನಲ್ಲಿ ಒಬ್ಬಳಿದ್ದಾಳೆ, ಕಾಲು ಊದಿ ಮರ ಕರೆಯಲಾರಳು, ಮ್ಯಾನೇಜರು ಕೋಣೆ ಖಾಲಿ ಮಾಡು ಎನ್ನುತ್ತಿದ್ದಾನೆ, ಆದರೂ ಹಡಗಿಗೆ ಒಪ್ಪುವುದಿಲ್ಲ ಎಂದು ಡಾಕ್ಟರು ಹೇಳಿದರು. ಹೋಗಿ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹಡಗಿನಲ್ಲಿ ಕಲಿತ ತಮಿಳಿನಲ್ಲಿ ಮಾತು ಶುರು ಮಾಡಿದೆ. ಅವಳು ಒಲೆಯ ಮುಂದಿನಿಂದ ತಿರುಗಿ, ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಕನ್ನಡದಲ್ಲಿ ಹೇಳಿದಳು:

"ನಿನ್ ಅರವ ಕೇಳುದ್ರೆ ಅರವದೋರು ಅತ್ತುಬುಡ್ತಾರೆ. ಯಾವೂರವ್ವ ನಿಂದು?"

ಮದ್ದೂರು ಎಂದೆ.

"ಮದ್ದೂರೋ, ಮದ್ದೂರ್ ತಾವ್ಲೋ?"

"ವೈದ್ಯನಾಥಪುರದ ಹತ್ತಿರ."

"ಅದೇ ಅನ್ಕಂಡೆ. ಮದ್ದೂರು ಅನ್ನೋರ್ಯಾರೂ ಮದ್ದೂರೋರಲ್ಲ."

ಅವಳ ಹೆಸರು ಪುಟ್ಟತಾಯಮ್ಮ. ತವರು ಮಳವಳ್ಳಿಯ ಪಕ್ಕದ ಹಳ್ಳಿ, ಅಣ್ಣ ಅಲ್ಲಿದ್ದಾನೆ. ಗಂಡ ಶಿವನಸಮುದ್ರದ ಪವರ್ ಹೌಸಿನಲ್ಲಿ ತಂತಿ ಕೆಲಸಕ್ಕಿದ್ದವನು. ಯುದ್ಧಕ್ಕೆ ಕೆಲವು ವರ್ಷ ಮೊದಲು ಒಬ್ಬ ಎಂಜಿನಿಯರು ಈ ತೋಟದ ಕಾರ್ಖಾನೆಗೆ ಕರೆಂಟು ಹಾಕಲು ಬಂದಾಗ ಅವನನ್ನೂ ಕರೆತಂದನಂತೆ. "ನಮ್ಮೂರ್ ಒಳೆ ಕರೆಂಟು ಕೋಲಾರುಕ್ಕೆ ಓಯ್ತು, ಗಂಡ ಮಲಯಕ್ಕೆ ಬಂದ, ನಮ್ಮೂರ್ನಾಗೆ ಇನ್ನೂ ಬುಡ್ಡಿ ದೀಪವೇಯಾ?" ಎಂದು ಕೇಳಿದಳು. ಹೌದು ಎಂದೆ. ಅವಳಿಗೆ ಸಮಾಧಾನವಾದಂತೆ ಕಂಡಿತು.

ಗಂಡನ ಹೆಸರನ್ನು ಅವಳು ಹೇಳಲಿಲ್ಲ. ಪಕ್ಕದ ಕೋಣೆಯ ವೇಲು ಎಂಬವನು ಹೇಳಿದ. ಬೋರೇಗೌಡ. ವೇಲುವನ್ನೂ ಬೋರೇಗೌಡನನ್ನೂ ಒಂದೇ ಲಾರಿಯಲ್ಲಿ ಸಯಾಮಿಗೆ ಒಯ್ದಿದ್ದರು. ವೇಲು ಒಬ್ಬನೇ ಬಂದ.

ಮುದ್ದೆ

ಜಪಾನಿನವರ ಕಾಲದಲ್ಲಿ ಅಕ್ಕಿ ಸಿಗದೆ ಇಲ್ಲಿಯವರು ಮರಗೆಣಸು ತಿಂದು ಬದುಕಿದರು. ಪುಟ್ಟತಾಯಮ್ಮ ಅದನ್ನು ಒಣಗಿಸಿ ಕುಟ್ಟಿ ಹಿಟ್ಟು ಮಾಡಿ ಮುದ್ದೆ ಕಟ್ಟುತ್ತಿದ್ದಳಂತೆ. ಬೆಳ್ಳಗೆ, ಅಂಟಂಟಾಗಿ, ನುಂಗಿದರೆ ಎದೆಯಲ್ಲೇ ಕೂರುವ ಮುದ್ದೆ. ಮರುದಿನ ನನ್ನ ಚೀಲದ ರಾಗಿ ಹಿಟ್ಟನ್ನು ಒಯ್ದು, ನಾನೇ ಮಾಡುತ್ತೇನೆಂದು ಹಟ ಹಿಡಿದು ಎಸರಿಟ್ಟೆ. ಅವಳು ಗೋಡೆಗೊರಗಿ ನೋಡುತ್ತಾ ಕುಳಿತಳು. ಒಂದು ತುತ್ತು ಮುರಿದು, ಸಾರಿಗೆ ಅದ್ದಿ, ನುಂಗಿ, ಇನ್ನೊಂದು ತುತ್ತಿಗೆ ಕೈ ಹಾಕಿದಳು. ಕಣ್ಣು ಒದ್ದೆಯಾಗಿತ್ತೆಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಹೊಗೆಯೂ ಇತ್ತು. ಕೊನೆಗೆ ಅವಳು ಅಂದದ್ದು ಇಷ್ಟು: "ಗಂಟು ಕಟ್ಬುಟ್ಟದೆ ಕಣವ್ವ. ನಿಮ್ಮವ್ವ ಏನೂ ಕಲುಸ್ನಿಲ್ವಾ?"

ಆಮೇಲೆ ದಿನವೂ ಹೋಗುತ್ತಿದ್ದೆ. ಅವಳು ಸಮುದ್ರಕ್ಕೆ ಹೆದರಿದ್ದಾಳೆಂದು ನಾನು ತಿಳಿದಿದ್ದೆ. ಹಡಗಿನಲ್ಲಿ ಡಾಕ್ಟರು ಇರುತ್ತಾರೆಂದೆ. ಮಂಡ್ಯದಲ್ಲಿ ನಾಲೆ ಬಂದು ಒಣಭೂಮಿಯೆಲ್ಲ ಗದ್ದೆಯಾದುದನ್ನು, ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿಗಳು ಸಾಲು ನಿಲ್ಲುವುದನ್ನು ವರ್ಣಿಸಿದೆ. ಮದ್ದೂರಿನಲ್ಲಿ ಇಳಿದರೆ ಮಳವಳ್ಳಿಗೆ ಬಸ್ಸಿದೆ ಎಂದೆ. ಅವಳು ಪ್ರತಿಯೊಂದನ್ನೂ ಕೇಳಿಸಿಕೊಂಡು, ಬಸ್ಸಿನ ವಿಚಾರ ಮಾತ್ರ ಎರಡೆರಡು ಸಲ ಕೇಳಿ, ಕೊನೆಗೆ ತಲೆ ಅಲ್ಲಾಡಿಸುತ್ತಿದ್ದಳು. ಹಡಗಿನ ಪಾಸನ್ನು ಅವಳ ಮುಂದೆ ಇಟ್ಟ ದಿನ ಬೈದೇಬಿಟ್ಟಳು.

"ಎಣ್ಮಗಳನ್ನ ತವರಿಗೆ ಕರೆಯಾಕೆ ಬಂದೋರು ಇಂಗಾ ಬರೋದು? ಬರಿಗೈಲಿ? ಬಂದು, ಕಾಗ್ದ ಅದೆ ಏಳು ಅಂದ್ರೆ ಎದ್ದು ಬಂದ್ಬುಡ್ತಾರಾ?"

ಆಗ ನನಗೆ ತಿಳಿಯಿತು. ಕಲಿತ ಕೆಲಸದ ಪ್ರಕಾರ ನಾನು ಅವಳಿಗೆ ಪ್ರಯಾಣ ಏರ್ಪಾಡು ಮಾಡುತ್ತಿದ್ದೆ. ಅವಳ ಲೆಕ್ಕದಲ್ಲಿ ನಾನು ಅವಳನ್ನು ಕರೆಯಲು ತವರಿನಿಂದ ಬಂದವಳು. ಮರುದಿನ ಎಲೆ, ಅಡಿಕೆ, ತೆಂಗಿನಕಾಯಿ ತೆಗೆದುಕೊಂಡು ಹೋಗಿ, ಹೊಸ್ತಿಲ ಹೊರಗೆ ನಿಂತು, "ಅಕ್ಕ, ಊರಿಗೆ ಬಾ" ಎಂದು ಕರೆದೆ.

ಅವಳು ಎಲೆಅಡಿಕೆ ತೆಗೆದುಕೊಂಡಳು. ನನ್ನನ್ನು ಒಳಗೆ ಕರೆದು ಕೂರಿಸಿದಳು. ಅಷ್ಟಕ್ಕೇ ಮುಗಿಯಿತೆಂದು ನಾನು ಸಂತೋಷಪಟ್ಟಿದ್ದೆ.

ವೇಲು

ಅವಳ ತೊಡಕು ಎಲೆಅಡಿಕೆಯದಲ್ಲ, ಗಂಡ ಇದ್ದಾನೋ ಇಲ್ಲವೋ ಎಂಬುದು. ಅವಳ ಮಾತನ್ನು ಆದಷ್ಟು ಅವಳು ಹೇಳಿದಂತೆಯೇ ಬರೆಯುತ್ತೇನೆ. ನನ್ನ ನೆನಪು ಎಲ್ಲವನ್ನೂ ತಿದ್ದುತ್ತದೆ. ಇದನ್ನು ಮಾತ್ರ ಮುಟ್ಟಿಲ್ಲ ಎಂದುಕೊಂಡಿದ್ದೇನೆ.

"ಅವ್ರು ಅವ್ರೆ ಅಂದ್ರೆ ಮಡ್ಲಕ್ಕಿ ಕಟ್ಟುಸ್ಕಂಡು ಓಯ್ತೀನಿ. ಇಲ್ಲ ಅಂದ್ರೆ ಬಳೆ ತಗ್ದಾಕಿ ಓಯ್ತೀನಿ. ಎರಡ್ರಲ್ಲಿ ಒಂದು ಯೋಳವ್ವ. ಎರಡೂ ಅಲ್ದೆ ನಮ್ಮೂರ್ ಬೀದೀಲಿ ಎಂಗೆ ನಡೀಲಿ? ಯಾರಾರ ಎದುರ್ಗೆ ಬಂದ್ರೆ ಏನಂತ ನಿಂತ್ಕಳ್ಳಿ?"

ಅವಳ ಕೈಯಲ್ಲಿ ಗಾಜಿನ ಬಳೆ ಇದ್ದವು, ಒಂದು ಕೈಯಲ್ಲಿ ಕೆಂಪು, ಇನ್ನೊಂದರಲ್ಲಿ ಹಸಿರು. ಒಡೆದು ಒಡೆದು ಜೊತೆ ತಪ್ಪಿದ್ದವು. ಹಡಗು ಹೊರಡಲು ಹೆಚ್ಚು ದಿನ ಉಳಿದಿರಲಿಲ್ಲ. ಮುಂದಿನದು ಯಾವಾಗಲೋ ಯಾರಿಗೂ ತಿಳಿಯದು. ಅಷ್ಟರೊಳಗೆ ಕೋಣೆಗೆ ಬೇರೆಯವರು ಬರುತ್ತಾರೆ.

ನಾನು ವೇಲುವಿನ ಬಳಿ ಹೋದೆ. ಅವನು ಮೂಳೆಯ ಮೇಲೆ ಅಂಗಿ ಹಾಕಿದಂತಿದ್ದ. ಈ ಮೊದಲು ತೋಟದವರಿಗೆ ಅವನು ಹೇಳಿದ್ದು, ಬೋರೇಗೌಡ ವಾಂತಿಭೇದಿಯ ಗುಡಿಸಿಲಿನಲ್ಲಿ ಸತ್ತ ಎಂದು. ಬೇರೊಮ್ಮೆ ಪುಟ್ಟತಾಯಮ್ಮನಿಗೆ ಹೇಳಿದ್ದು, ಅವನು ಒಬ್ಬ ಸಯಾಮಿಯವನ ದೋಣಿ ಹತ್ತಿ ತಪ್ಪಿಸಿಕೊಂಡ ಎಂದು. ನನ್ನ ಮುಂದೆ ಅವನು ಬಿದಿರಿನ ಸೇತುವೆಯೊಂದರ ವಿಷಯ ತೆಗೆದ. ಸೇತುವೆಯ ಮೇಲೆ ಬೋರೇಗೌಡ ಮುಂದೆ ನಡೆಯುತ್ತಿದ್ದನಂತೆ, ಇವನು ಹಿಂದೆ. ಆಮೇಲೆ ಮುಂದೆ ಯಾರೂ ಇರಲಿಲ್ಲವಂತೆ. ಯಾವುದು ನಿಜ ಎಂದು ಕೇಳಿದೆ. ಅವನು ಬಹಳ ಮೃದುವಾಗಿ, ನನ್ನನ್ನೇ ಸಮಾಧಾನ ಮಾಡುವವನಂತೆ, ಯಾವುದನ್ನು ಕಂಡೆ, ಯಾವುದನ್ನು ಜ್ವರದಲ್ಲಿ ಕಂಡೆ ಎಂದು ನನಗೇ ತಿಳಿಯುತ್ತಿಲ್ಲವಮ್ಮ ಎಂದ.

ಇವನು ಸುಳ್ಳುಗಾರನೆಂದು ತೋಟದವರು ಬೈಯುತ್ತಿದ್ದರು. ನನಗೆ ಹಾಗೆ ಅನ್ನಿಸಲಿಲ್ಲ. ಮದ್ದೂರಿನ ಒಂದು ಮಧ್ಯಾಹ್ನ ಮಳೆಯೋ ಬಿಸಿಲೋ ಎಂದು ಹೇಳಲಾರದವಳು ನಾನು.

ಹಿಂದಿರುಗುವ ದಾರಿಯಲ್ಲಿ ಎರಡೂ ಉತ್ತರಗಳನ್ನು ಬಾಯಲ್ಲಿ ಆಡಿಸಿ ನೋಡಿದೆ. ಇದ್ದಾನೆ ಎಂದರೆ ಅವಳು ನಗುತ್ತಾ ಹಡಗು ಹತ್ತಬಹುದು, ಊರಿಗೆ ಹೋಗಿ ಬದುಕಿಡೀ ಬಾಗಿಲು ನೋಡುತ್ತಾ ಕೂರಬಹುದು. ಇಲ್ಲ ಎಂದರೆ ಆ ಬಳೆಗಳನ್ನು ನನ್ನ ಮುಂದೆಯೇ ಒಡೆಯುತ್ತಾಳೆ, ಮುಂದೆಂದೋ ಒಂದು ದಿನ ಬೋರೇಗೌಡ ಮಳವಳ್ಳಿಯ ಬಸ್ಸಿನಿಂದ ಇಳಿದರೂ ಇಳಿಯಬಹುದು. ಯಾವುದಾದರೊಂದನ್ನು ಗಟ್ಟಿಯಾಗಿ ಹೇಳಿ ಅವಳನ್ನು ಹಡಗು ಹತ್ತಿಸು, ಜೀವ ಉಳಿಯಲಿ ಎಂದು ಡಾಕ್ಟರು ಹೇಳಿದ್ದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಅವಳು ಹೊಸ್ತಿಲ ಮೇಲೆ ಕುಳಿತಿದ್ದಳು. ನಾನು ಪಕ್ಕದಲ್ಲಿ ಕುಳಿತೆ.

"ಅಕ್ಕ, ನನಗೆ ಗೊತ್ತಿಲ್ಲ. ವೇಲುಗೂ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ."

ಅವಳು ಊದಿದ ಕಾಲನ್ನು ನಿಧಾನವಾಗಿ ಒತ್ತಿಕೊಳ್ಳುತ್ತಿದ್ದಳು. ಎದುರಿನ ಮರಗಳ ಬಟ್ಟಲುಗಳಲ್ಲಿ ಹಾಲು ಹೆಪ್ಪುಗಟ್ಟಿತ್ತು. ಅವಳೆಂದಳು: "ಇದ ಯೋಳೋರೇ ಇರ್ನಿಲ್ಲ ಕಣವ್ವ. ಬಂದ್ಬಂದೋರೆಲ್ಲ ಒಂದೊಂದು ಗೊತ್ತು ಅಂತ್ಲೇ ಬಂದ್ರು."

ಕಾಲು ಒತ್ತುವುದನ್ನು ನಿಲ್ಲಿಸಿ ಬಳೆಗಳನ್ನು ಮೇಲಕ್ಕೇರಿಸಿಕೊಂಡಳು. ಅನಂತರ ವ್ಯವಹಾರದ ಧ್ವನಿಯಲ್ಲಿ: "ಗೊತ್ತಿಲ್ಲ ಅಂದ್ಮೇಲೆ ಬಳೆ ಯಾಕೆ ತಗೀಲಿ? ಮಡ್ಲಕ್ಕಿ ಕಟ್ಟು. ಓಯ್ತೀನಿ."

ಅಂಗಡಿ

ಹೇಳುವುದಕ್ಕೆ ಸುಲಭ. ಅಕ್ಕಿ ಎಲ್ಲಿದೆ? ರೇಷನ್ನಿನ ಅಕ್ಕಿ ಗಂಜಿಗೂ ಸಾಲದು. ಅದಕ್ಕಿಂತ ದೊಡ್ಡ ತೊಂದರೆಯೂ ಒಂದಿತ್ತು. ಮಡಿಲು ತುಂಬಲು ಮುತ್ತೈದೆ ಬೇಕು. ನಾನು ಹಣೆಗೆ ಸಣ್ಣ ಬೊಟ್ಟು ಇಟ್ಟುಕೊಂಡೇ ಮನೆಯಿಂದ ಹೊರಟಿದ್ದವಳು. ಗಂಡನ ವಿಚಾರ ಇಲ್ಲಿ ಯಾರೂ ಕೇಳಿರಲಿಲ್ಲ. "ನಾನು ಕಟ್ಟುವ ಹಾಗಿಲ್ಲ ಅಕ್ಕ" ಎಂದೆ.

"ಗೊತ್ತು ಬುಡು. ಬಂದ ದಿನ್ವೇ ಕಾಲು ನೋಡ್ದೆ. ಉಂಗ್ರ ತಗ್ದಿರೋ ಗುರ್ತು ಇನ್ನೂ ಓಗಿಲ್ಲ" ಎಂದಳು, ಹವೆಯ ಬಗ್ಗೆ ಮಾತಾಡುವಂತೆ. ಆಮೇಲೆ ತೋಟದ ಹೆಂಗಸರನ್ನೆಲ್ಲ ಮನಸ್ಸಿನಲ್ಲೇ ನಡೆಸಿಕೊಂಡು ಹೋದಳು. ಇವಳ ಗಂಡ ಸಯಾಮಿಗೆ ಹೋದವನು. ಅವಳ ಗಂಡನೂ. ಇನ್ನೊಬ್ಬಳು ನನ್ನಂತೆ ಗಂಡ ಸತ್ತವಳು. ಕೊನೆಗೆ ಮುಖ ಅರಳಿತು. "ಅಂಗ್ಡಿಯವ್ವ ಅವ್ಳಲ್ಲ! ಅವ್ಳ ಗಂಡ ನಿನ್ನೆ ಬೀದೀಲಿ ನಿಂತ್ಕಂಡು ಅವಳ್ನ ಬಯ್ತಿದ್ದ. ಗಟ್ಟಿಯಾಗಿ ಬದ್ಕವ್ನೆ."

ಅಂಗಡಿಯವ್ವ ಎಂದರೆ ತೋಟದ ಬಾಗಿಲಲ್ಲಿ ಅಂಗಡಿ ಇಟ್ಟಿರುವ ಚೀನೀ ಹೆಂಗಸು. ಕಪ್ಪು ಷರಾಯಿ, ಮೋಟು ಕೂದಲು. ನನಗೆ ನಗು ತಡೆಯಲಾಗಲಿಲ್ಲ. ಪುಟ್ಟತಾಯಮ್ಮ ನಗಲಿಲ್ಲ. ಜಪಾನಿನವರು ಚೀನಾದವರನ್ನು ಹುಡುಕಿ ಹಿಡಿಯುತ್ತಿದ್ದ ಕಾಲದಲ್ಲಿ ಆ ಹೆಂಗಸು ಈ ಕೋಣೆಗೇ ಓಡಿ ಬಂದಿದ್ದಳಂತೆ. ಇವಳು ತನ್ನ ಇನ್ನೊಂದು ಸೀರೆ ಉಡಿಸಿ, ಹಣೆಗೆ ಕುಂಕುಮವಿಟ್ಟು, ಸೆರಗು ಮುಂದಕ್ಕೆಳೆದು, ಒಲೆ ಊದುತ್ತಾ ಕೂರು ಎಂದಳಂತೆ. ಸಿಪಾಯಿಗಳು ಬಾಗಿಲಲ್ಲಿ ಇಣುಕಿ ಹೊಗೆಗೆ ಕೆಮ್ಮಿ ಹೋದರಂತೆ. "ನಾನೇ ಕುಂಕ್ಮ ಇಟ್ಟಿವ್ನಿ. ಇನ್ಯಾರು ಮುತ್ತೈದೆ?"

ಇಬ್ಬರೂ ಹೋದೆವು. ಪುಟ್ಟತಾಯಮ್ಮ ಮಲಯಿ, ತಮಿಳು, ಕನ್ನಡ ಕಲಸಿದ ಭಾಷೆಯಲ್ಲಿ, ಹೆಚ್ಚಾಗಿ ಕೈಯಲ್ಲಿ, ವಿಷಯ ತಿಳಿಸಿದಳು. ಅಂಗಡಿಯವ್ವ ಏನೂ ಕೇಳಲಿಲ್ಲ. ಒಳಗೆ ಹೋಗಿ ಸೀಮೆಎಣ್ಣೆ ಡಬ್ಬವೊಂದನ್ನು ತಂದು ಮುಚ್ಚಳ ತೆಗೆದಳು. ಅದರ ತಳದಲ್ಲಿ ಅಕ್ಕಿ ಇತ್ತು, ಬಿಳಿಯ ಅಕ್ಕಿ, ಯಾವ ಕಾಲಕ್ಕೆಂದು ಬಚ್ಚಿಟ್ಟದ್ದೋ. ಅವಳ ಗಂಡ ಒಳಗಿನಿಂದ ಏನೋ ಗದರಿದ. ಪುಟ್ಟತಾಯಮ್ಮ ನನ್ನನ್ನು ಮೊಣಕೈಯಿಂದ ತಿವಿದು, "ನೋಡ್ದಾ?" ಎಂದಳು.

ಹೊರಡುವ ದಿನ ಅಂಗಡಿಯವ್ವ ಲೈನಿಗೆ ಬಂದಳು. ಪುಟ್ಟತಾಯಮ್ಮ ಅವಳ ಹಣೆಗೆ ಮತ್ತೊಮ್ಮೆ ಕುಂಕುಮವಿಟ್ಟು, ತಾನು ಮೂಡಲಿಗೆ ಮುಖ ಮಾಡಿ ಕುಳಿತು ಸೆರಗು ಒಡ್ಡಿದಳು. ನಾನು ದೂರದಲ್ಲಿ, ಬಾಗಿಲ ಪಕ್ಕ ನಿಂತು, ಮೊದಲು ಕಣ, ಆಮೇಲೆ ಕಾಯಿ ಎಂದು ಕೈಸನ್ನೆ ಮಾಡುತ್ತಿದ್ದೆ. ರವಿಕೆ ಕಣಕ್ಕೆ ನಮ್ಮ ತಂಡದ ಬಟ್ಟೆ ಮೂಟೆಯಲ್ಲಿ ಒಂದು ಹಳದಿ ತುಂಡು ಸಿಕ್ಕಿತ್ತು. ಬೆಲ್ಲಕ್ಕೆ ತೆಂಗಿನ ಬೆಲ್ಲದ ಬಿಲ್ಲೆ. ಮಂಡ್ಯದ ಅಚ್ಚು ಅಲ್ಲವೆಂದು ಪುಟ್ಟತಾಯಮ್ಮ ಅದನ್ನೊಮ್ಮೆ ಮೂಸಿ ನೋಡಿ ಒಪ್ಪಿಕೊಂಡಳು. ಅಂಗಡಿಯವ್ವ ಬೊಗಸೆಯಲ್ಲಿ ಅಕ್ಕಿ ತೆಗೆದು, ತೂಕ ಮಾಡುವವಳ ಎಚ್ಚರದಲ್ಲಿ, ಒಂದು ಕಾಳೂ ಚೆಲ್ಲದಂತೆ ಹಾಕಿದಳು. ಮತ್ತೊಂದು ಬೊಗಸೆ. ಇನ್ನೂ ಒಂದು.

ಮುಗಿಯಿತೆಂದು ಅವಳು ಎದ್ದಾಗ ಪುಟ್ಟತಾಯಮ್ಮ ನನ್ನ ಕಡೆ ತಿರುಗಿದಳು.

"ಬಾ ಇಲ್ಲಿ. ನೀನೂ ಒಂದಿಡಿ ಆಕು."

"ಅಕ್ಕ, ನಾನು..."

"ಅವ್ಳು ಮುತ್ತೈದೆ, ಸರಿ. ತವರ್ನೋಳು ಯಾರು? ನೀನ್ ತಾನೇ ಕರೆಯಾಕ್ ಬಂದೋಳು? ಆಕು, ಒತ್ತಾಯ್ತದೆ."

ನಾನು ಹಾಕಿದೆ. ಕಾಳುಗಳು ಚೆಲ್ಲಿದವು. ಅವುಗಳನ್ನು ಅಂಗಡಿಯವ್ವ ಒಂದೊಂದಾಗಿ ಆರಿಸಿದಳು.

ಮಡಿಲು ಕಟ್ಟಿಸಿಕೊಂಡವಳು ಹೊರಡುವ ಮೊದಲು ಅದರಿಂದ ಒಂದು ಹಿಡಿ ಅಕ್ಕಿಯನ್ನು ತವರುಮನೆಗೇ ಮರಳಿ ಬಿಟ್ಟು ಹೋಗಬೇಕು, ಆ ಮನೆ ತಣ್ಣಗಿರಲಿ ಎಂದು. ನಾನು ಅದನ್ನು ಮರೆತಿದ್ದೆ. ಅವಳು ಮರೆತಿರಲಿಲ್ಲ. ಹಿಡಿ ತುಂಬಿಕೊಂಡು ಎದ್ದಳು. ಹೊಸ್ತಿಲ ಬಳಿ ಹಾಕುತ್ತಾಳೆಂದು ನಾನು ದಾರಿ ಬಿಟ್ಟೆ. ಅವಳು ನನ್ನ ಸೆರಗಿನ ತುದಿಯನ್ನು ಎಳೆದು, ಅದರಲ್ಲಿ ಹಿಡಿ ಬಿಚ್ಚಿ, ತಾನೇ ಗಂಟು ಹಾಕಿದಳು. ನನ್ನ ಸೆರಗಿಗೆ ಯಾರೂ ಅಕ್ಕಿ ಕಟ್ಟಿ ವರ್ಷಗಳಾಗಿದ್ದವು.

"ತವ್ರು ತಣ್ಗಿರ್ಲಿ" ಎಂದಳು.

ಹಡಗುಕಟ್ಟೆ

ಪೆನಾಂಗಿನ ಕಟ್ಟೆಯ ಮೇಲೆ ನಿಂತಿದ್ದಾಗಲೂ ಅವಳ ಒಂದು ಕೈ ಮಡಿಲ ಮೇಲೇ ಇತ್ತು. ಊದಿದ ಕಾಲಿಗೆ ನನ್ನ ಚಪ್ಪಲಿ ಹಾಕಿಸಿದ್ದೆ. ಮಲಯದ ಮೀನಿನ ವಾಸನೆಯನ್ನು, ಮ್ಯಾನೇಜರನ್ನು, ಹಡಗಿನ ಏಣಿಯನ್ನು ಒಂದೇ ಸಮನೆ ಬೈಯುತ್ತಿದ್ದಳು. ಹತ್ತುವ ಮುಂಚೆ ತಿರುಗಿ ಕೇಳಿದಳು: "ಮದ್ದೂರ್ನಲ್ಲಿ ಇಳೀತೀನಲ್ಲ. ನಿಮ್ಮವ್ವನ್ ಕಂಡು ಏನ್ ಯೋಳ್ಲಿ?"

ಒಂದು ವಿಷಯ ಕೇಳಬೇಕಾಗಿತ್ತು, ಕೇಳಿ ಹೇಳಿಕಳಿಸು ಎಂದೆ. ನಾನು ಹೊರಟ ದಿನ ಸ್ಟೇಷನ್ನಿನಲ್ಲಿ ಅವ್ವ ಸೆರಗಿನ ತುದಿಯಲ್ಲಿ ಏನನ್ನು ಹಿಡಿದುಕೊಂಡಿದ್ದಳು?

ಪುಟ್ಟತಾಯಮ್ಮ ನನ್ನ ಮುಖವನ್ನು ಗಂಟು ಕಟ್ಟಿದ ಮುದ್ದೆಯನ್ನು ನೋಡಿದಂತೆ ನೋಡಿದಳು.

"ಅದ ಬೇರೆ ಕೇಳ್ಬೇಕಾ? ಅಕ್ಕಿ ಕಣವ್ವ. ಕಟ್ಕಂಡ್ ಬಂದಿರ್ತಾಳೆ. ಕೊಡಾಕೆ ಕೈ ಬಂದಿರಾಕಿಲ್ಲ."

ಮದ್ದೂರು, ಮತ್ತೊಮ್ಮೆ

ಅವಳು ಊರು ಮುಟ್ಟಿದ ಸುದ್ದಿ ತಂಡದವರ ಮೂಲಕ ಬಂತು. ಬೋರೇಗೌಡನ ಸುದ್ದಿ ಇನ್ನೂ ಇಲ್ಲ. ಸಯಾಮಿನಿಂದ ಯಾರಾದರೂ ಬಂದರೆಂದು ತಿಳಿದರೆ ನಾನೂ ವೇಲುವೂ ಹೋಗಿ ಕೇಳಿಕೊಂಡು ಬರುತ್ತೇವೆ. ನಾನು ಇಲ್ಲೇ, ಮಲಯದಲ್ಲೇ ಇದ್ದೇನೆ. ಹೆಂಗಸರನ್ನು ಊರಿಗೆ ಕರೆಯಲು ಹೋಗುವಾಗ ಈಗ ಬರಿಗೈಯಲ್ಲಿ ಹೋಗುವುದಿಲ್ಲ. ಅಂಗಡಿಯವ್ವನಿಗೂ ಮಡಿಲು ತುಂಬುವ ಕ್ರಮ ಕೈಸನ್ನೆಯಿಲ್ಲದೆ ಬರುತ್ತದೆ. ಅವಳ ಗಂಡ ಈಗಲೂ ಗದರುತ್ತಾನೆ.

ಪುಟ್ಟತಾಯಮ್ಮ ಅವ್ವನನ್ನು ಕೇಳಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ವಿಚಾರಿಸಿಲ್ಲ. ಮದ್ದೂರು ಸ್ಟೇಷನ್ನನ್ನು ನೆನೆದಾಗಲೆಲ್ಲ ಅವ್ವನ ಮುಷ್ಟಿಯಿಂದ ಒಂದೆರಡು ಅಕ್ಕಿಕಾಳು ಜಾರಿ ಪ್ಲಾಟ್‌ಫಾರಮ್ಮಿನ ಮೇಲೆ ಬೀಳುತ್ತವೆ. ಮೊದಲು ಅವು ಬೀಳುತ್ತಿರಲಿಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಈಗ ಬೀಳುತ್ತವೆ. ಕಲ್ಲಿನ ಮೇಲೆ ಬೆಳ್ಳಗೆ ಕಾಣುತ್ತವೆ, ಒಮ್ಮೆ ಮಳೆಯಲ್ಲಿ, ಒಮ್ಮೆ ಬಿಸಿಲಿನಲ್ಲಿ.